ಕೂಸಿನ ಸರ

ಹೊಸಂಗಡಿಯಿಂದ ಒಳಗೆ ಹೋಗುವ ಬಸ್ಸು ಕೊನೆಗೆ ತಿರುಗುವಲ್ಲಿ ಒಂದು ಇಗರ್ಜಿ ಉಂಟು. ಅದಕ್ಕೆ ಸೇರಿದ ಮನೆಗಳಲ್ಲಿ ಹೆಂಗಸರು ಯಾರು ತೀರಿಹೋದರೂ ಮೈ ತೊಳೆದು, ಮದುವೆಯ ಸೀರೆ ಉಡಿಸಿ, ಕೈಗೆ ಜಪಸರ ಸುತ್ತುವ ಕೆಲಸ ನತಾಲ್ ಬಾಯಿಯದ್ದಾಗಿತ್ತು. ಸಂಬಳ ಇಲ್ಲ, ಸನ್ಮಾನವಂತೂ ಇಲ್ಲವೇ ಇಲ್ಲ. ಸತ್ತ ಮನೆಯಲ್ಲಿ ಒಂದು ಲೋಟ ಚಹಾ ಸಹ ಮುಟ್ಟಬಾರದು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಬೇರೆಯವರಾದರೆ ಇಷ್ಟಕ್ಕೇ ತಮ್ಮನ್ನು ಸಂತರ ಸಾಲಿಗೆ ಸೇರಿಸಿಕೊಳ್ಳುತ್ತಿದ್ದರು. ಮದುವೆಯಾಗದೆ ಒಂಟಿಯಾಗಿದ್ದ ನತಾಲ್ ಬಾಯಿಗೆ ಬೀಡಿ ಸುತ್ತಿ ಹೊಟ್ಟೆ ಹೊರೆಯುವುದರಲ್ಲೇ ದಿನ ಮುಗಿಯುತ್ತಿತ್ತು.

ನೆರೆಮನೆಯ ಗೆಳತಿ ಕಾರ್ಮಿನ್ ಬಾಯಿ ಹಾಸಿಗೆ ಹಿಡಿದಾಗ ನತಾಲ್ ಬಾಯಿಯಲ್ಲಿ ಒಂದು ಮಾತು ಕೇಳಿದ್ದಳು. "ನನ್ನ ಕುತ್ತಿಗೆಯದ್ದು ತೆಗೆಯಬೇಡ ನತಾಲ್. ಅದು ನನ್ನ ಕೂಸಿನದ್ದು. ನನ್ನೊಟ್ಟಿಗೇ ಬರಲಿ." ಎಳವೆಯಲ್ಲೇ ತೀರಿಹೋದ ಮಗಳಿಗೆ ಜ್ಞಾನಸ್ನಾನದಂದು ಹಾಕಿದ್ದ ಚಿನ್ನದ ಸರ ಅದು, ದೊಡ್ಡವರ ಕುತ್ತಿಗೆಗೆ ಸಾಲದೆ ತುದಿಗಳಿಗೆ ಕರಿನೂಲು ಕಟ್ಟಿ ಹಾಕಿಕೊಂಡಿದ್ದಳು. ನತಾಲ್ ಬಾಯಿ ಆಯಿತು ಎಂದಳು.

ಕಾರ್ಮಿನ್ ಬಾಯಿಯನ್ನು ಮಣ್ಣು ಮಾಡುವ ದಿನ ನತಾಲ್ ಬಾಯಿ ಕೋಣೆಯ ಬಾಗಿಲು ಮುಚ್ಚಿ, ಆ ಸರವನ್ನು ಯಾರಿಗೂ ಕಾಣದಂತೆ ಸತ್ತವಳ ರವಿಕೆಯೊಳಗೆ ಸರಿಸಿದಳು. ಸರಿಸಿದ ಕೈ ಅಲ್ಲೇ ನಿಂತಿತು. ಹುಟ್ಟಿದ ಮೇಲೆ ಚಿನ್ನ ಎಂಬುದು ಅವಳ ಮೈ ಮುಟ್ಟಿದ್ದಿಲ್ಲ. ಸತ್ತವಳಿಗೆ ಇದು ಎಂತಕ್ಕೆ, ಯಾರು ನೋಡುತ್ತಾರೆ ಎಂದು ಮನಸ್ಸು ಹೇಳಿತು. ಗೆಳತಿಯ ಮುಖ ಕಾಣಲಿಲ್ಲ, ಸರ ಮಾತ್ರ ಕಂಡಿತು. ಹೊರಗೆ ಯಾರೋ ಕೆಮ್ಮಿದರು. ಅವಳು ಕೈ ತೆಗೆದು ಸತ್ತವಳ ಸೆರಗು ಸರಿಮಾಡಿದಳು.

ಏಳನೇ ದಿನದ ಪೂಜೆ ಮುಗಿಸಿ ಕಾರ್ಮಿನ್ ಬಾಯಿಯ ಮಗ ವಲೇರಿಯನ್ ನತಾಲ್ ಬಾಯಿಯ ಅಂಗಳಕ್ಕೆ ಬಂದ. "ಅಮ್ಮನ ಸರ ಎಲ್ಲಿ ಬಾಯಿ? ಒಳಗಿದ್ದದ್ದು ನೀವೊಬ್ಬರೇ ಅಲ್ವಾ?"

ನಿಜ ಹೇಳಿದರೆ ಅವನು ಗೋರಿ ಅಗೆಸುತ್ತಾನೆ. ಅವನ ಸ್ವಭಾವ ಊರಿಗೇ ಗೊತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಚ್ಚಿದ ಆ ಕೋಣೆಯಲ್ಲಿ ಕೈ ಕದಿಯದಿದ್ದರೂ ಮನಸ್ಸು ಕದ್ದದ್ದು ಅವಳಿಗೊಬ್ಬಳಿಗೆ ಗೊತ್ತಿತ್ತು. ತಲೆ ತಗ್ಗಿಸಿ ನಿಂತಳು. ಊರಿಗೆ ಅಷ್ಟು ಸಾಕಲ್ವಾ! ಮತ್ತೆ ಯಾರೂ ಅವಳನ್ನು ಹೆಣ ತೊಳೆಯಲು ಕರೆಯಲಿಲ್ಲ.

ಅಂದಿನಿಂದಲೇ ಅವಳ ಕುತ್ತಿಗೆಗೆ ತಣ್ಣನೆಯ ಎಳೆಯೊಂದು ಅಂಟಿಕೊಂಡಿತು. ಬೀಡಿ ಸುತ್ತುವಾಗ, ಗಂಜಿ ಉಣ್ಣುವಾಗ ಕೈ ಅಲ್ಲಿಗೇ ಹೋಗುವುದು, ಏನೂ ಇರುತ್ತಿರಲಿಲ್ಲ. ಗರಿಗಳ ಭಾನುವಾರ ಪಾದ್ರಿಗಳು ಕ್ರಿಸ್ತ ತನ್ನನ್ನು ಬರಿದು ಮಾಡಿಕೊಂಡದ್ದನ್ನು ವಿವರಿಸುವಾಗ ಅವಳು ಕೊನೆಯ ಬೆಂಚಿನಲ್ಲಿ ಕುತ್ತಿಗೆ ಹಿಡಿದು ಕೂತಿದ್ದಳು. ಬರಿದು ಮಾಡಲು ನನ್ನಲ್ಲಿ ಬೇರೆ ಎಂತ ಉಂಟು ದೇವರೇ, ಇದೊಂದನ್ನು ತೆಗೆ ಎಂದು ಬೇಡಿದಳು.

ವರ್ಷಗಳು ಕಳೆದು ವಲೇರಿಯನ್ನೂ ತೀರಿಹೋದ. ಇಗರ್ಜಿಯ ಸ್ಮಶಾನದಲ್ಲಿ ಜಾಗ ಸಾಲದ್ದರಿಂದ ಮನೆಯವರ ಹಳೆಯ ಗೋರಿಯನ್ನೇ ಮತ್ತೆ ಅಗೆದು, ಸಿಕ್ಕಿದ ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹೊಸ ಪೆಟ್ಟಿಗೆಯ ಕಾಲ ಬುಡದಲ್ಲಿಡುವುದು ರೂಢಿ. ಅಗೆಯುತ್ತಿದ್ದ ಕುಂಞ, ಬೇಲಿಯ ಬಳಿ ನಿಂತಿದ್ದ ನತಾಲ್ ಬಾಯಿಯನ್ನು ಕೈಸನ್ನೆ ಮಾಡಿ ಕರೆದ. ಅವನ ಅಂಗೈಯಲ್ಲಿ ಮಣ್ಣು ಮೆತ್ತಿದ ಸಣ್ಣ ಸರ.

"ಬಾಯಮ್ಮ, ನೋಡಿ ಮಾರಾಯ್ರೆ! ಈಗ ಎಲ್ಲ ಬರ್ತಾರೆ. ಎಲ್ಲರೆದುರು ತೋರಿಸುವ. ನೀವು ಕದ್ದದ್ದಲ್ಲ ಅಂತ ಗೊತ್ತಾಗಲಿ."

ಇಗರ್ಜಿಯ ಗಂಟೆ ಬಡಿಯುತ್ತಿತ್ತು. ನತಾಲ್ ಬಾಯಿ ಸರವನ್ನು ತನ್ನ ಕೈಗೆ ತೆಗೆದುಕೊಂಡಳು. ಆ ಕೈಯನ್ನು ಒಮ್ಮೆ ಎತ್ತಿದರೆ ಸಾಕಿತ್ತು. ಎತ್ತಬೇಕೆಂಬ ಆಸೆಯೂ ಆಯಿತು. ಅಂದು ಚಿನ್ನಕ್ಕೆ ನಿಂತ ಕೈ ಇಂದು ಒಳ್ಳೆಯ ಹೆಸರಿಗೆ ನಿಂತಿತ್ತು.

"ತೋರಿಸಿದರೆ ಇದು ಪುನಃ ಆ ಮನೆಗೆ ಹೋಗ್ತದೆ ಕುಂಞ. ತಾಯಿ ಕೂಸಿನ ಸರ ಇಲ್ಲದೆ ಮಲಗಬೇಕಾಗ್ತದೆ."

"ಮತ್ತೆ ನಿಮ್ಮ ಹೆಸರು?"

"ಅದೂ ಇಲ್ಲೇ ಇರಲಿ."

ಬಿಳಿ ಬಟ್ಟೆಯ ಗಂಟು ಬಿಚ್ಚಿ, ಸರವನ್ನು ಎಲುಬುಗಳ ನಡುವೆ ಇಟ್ಟು, ಮತ್ತೆ ಬಿಗಿದಳು. ಕೈ ತಾನಾಗಿ ಕುತ್ತಿಗೆಗೆ ಹೋಯಿತು. ತಣ್ಣನೆಯ ಎಳೆ ಅಲ್ಲೇ ಇತ್ತು.

ಪೆಟ್ಟಿಗೆ ಇಳಿಸಿದರು, ವಲೇರಿಯನ್ ಸಾಯುವವರೆಗೆ ಹುಡುಕಿದ್ದು ಅವನ ಕಾಲ ಬುಡದಲ್ಲೇ ಇತ್ತು. ಜನ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಕೊನೆಗೆ ನತಾಲ್ ಬಾಯಿ ಒಂದು ಹಿಡಿ ಮಣ್ಣೆತ್ತಿಕೊಂಡು ಹತ್ತಿರ ಬಂದಾಗ, ಗೋರಿಯ ಪಕ್ಕ ಅಳುತ್ತಾ ನಿಂತಿದ್ದ ಅವನ ಹೆಂಡತಿ ತನ್ನ ಕುತ್ತಿಗೆಯ ಸರವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.