ಹಣತೆ ಹಿಡಿದ ಹುಡುಗಿಯ ಮುಖಪುಟ

ನಾನು ಹಳೆಯ ಕನ್ನಡ ಪತ್ರಿಕೆಗಳನ್ನು ಕೂಡಿಡುತ್ತೇನೆ. ಓದುವುದಕ್ಕಲ್ಲ, ಮುಖಪುಟಕ್ಕೆ. ಮುಖಪುಟಕ್ಕೆ ಚಿತ್ರ ಬರೆಸುತ್ತಿದ್ದ ಕಾಲದ ದೀಪಾವಳಿ ವಿಶೇಷಾಂಕವಾದರೆ ಸಾಕು, ಗೆದ್ದಲು ತಿಂದಿದ್ದರೂ ಬಿಡುವುದಿಲ್ಲ. ಪರದೇಶದಲ್ಲಿ, ಹಾರ್ನ್‌ಬಿ ಎಂಬ ಬಡಾವಣೆಯ ನನ್ನ ಬಾಡಿಗೆ ಮನೆಯ ಬೀರುವಿನ ತುಂಬ ಅವೇ. ಬಟ್ಟೆಯೆಲ್ಲ ಕುರ್ಚಿಯ ಮೇಲೆ. ಕೇಳುವವರು ಯಾರಿದ್ದಾರೆ?

ಇದಕ್ಕೆಲ್ಲ ಅಮ್ಮನೇ ಕಾರಣ. ಹದಿನೈದರ ವಯಸ್ಸಿನಲ್ಲಿ, ಮೈಸೂರಿನಲ್ಲಿ, ಪಕ್ಕದ ಬೀದಿಯ ಚಿತ್ರಗಾರರೊಬ್ಬರು ಅವಳ ಕೈಗೆ ಹಣತೆ ಕೊಟ್ಟು ಕೂರಿಸಿ ಚಿತ್ರ ಬರೆದಿದ್ದರಂತೆ. ಅದು ವಿಶೇಷಾಂಕದ ಮುಖಪುಟವಾಯಿತಂತೆ. ಯಾವ ಪತ್ರಿಕೆ, ಯಾವ ವರ್ಷ? ಅವಳಿಗೇ ನೆನಪಿರಲಿಲ್ಲ. ಆ ವಯಸ್ಸಿನ ಅವಳದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಹಾಗಾಗಿ ಹಣತೆ ಹಿಡಿದ ಹುಡುಗಿ ಸಿಕ್ಕಾಗಲೆಲ್ಲ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಅಮ್ಮನಿಗೆ ವಾಟ್ಸಾಪ್ ಮಾಡುತ್ತಿದ್ದೆ.

"ಅಯ್ಯೋ, ಇದಲ್ಲ ಕಣೇ! ನನ್ನ ಮೂಗು ಹೀಗಿದ್ಯಾ?" ಎನ್ನುತ್ತಿದ್ದಳು.

ಹೋದ ವರ್ಷ ಅಮ್ಮ ತೀರಿಕೊಂಡಳು. ನಾನು ಹುಡುಕುವುದನ್ನು ಬಿಡಲಿಲ್ಲ. ಬಿಟ್ಟು ರಜೆಯ ದಿನ ಏನು ಮಾಡಲಿ, ಗೋಡೆ ನೋಡಿಕೊಂಡು ಕೂರಲೇ? ಇಲ್ಲಿ ಎಲ್ಲರೂ ಒಳ್ಳೆಯವರೇ. ಆದರೂ ಶುಕ್ರವಾರ ಸಂಜೆ ಬಾಯಿ ಮುಚ್ಚಿದರೆ ಮತ್ತೆ ಸೋಮವಾರವೇ ಬಾಯಿಬಿಡುವ ಬಾಳು ನನ್ನದು.

ಮೊನ್ನೆ ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯ ಆಂಟಿಯೊಬ್ಬರು ಕನ್ನಡಿಗರ ಗ್ರೂಪಿನಲ್ಲಿ ಬರೆದರು: ತಾಯಿಯ ಕಾಲದ ಪತ್ರಿಕೆ ಒಂದು ಪೆಟ್ಟಿಗೆ ಇದೆ, ಬೇಕಾದವರು ತಗೊಂಡು ಹೋಗಿ. ಶನಿವಾರವೇ ವಿಮಾನ ಹತ್ತಿದೆ.

ಪೆಟ್ಟಿಗೆಯಲ್ಲಿ ಇಡಿಯಾದ ಪತ್ರಿಕೆ ಒಂದೂ ಇರಲಿಲ್ಲ! ಧಾರಾವಾಹಿಯ ಹಾಳೆಗಳನ್ನಷ್ಟೇ ಕಿತ್ತು, ದಬ್ಬಣದಲ್ಲಿ ಹೊಲಿದು ಮಾಡಿದ ಪುಸ್ತಕಗಳಿದ್ದವು. ನಮ್ಮ ಹೆಂಗಸರ ಹಳೇ ಚಾಳಿ. ನನ್ನಜ್ಜಿಯೂ ಹೀಗೇ ಮಾಡುತ್ತಿದ್ದರು. ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ, ಮಂಕುದಿಣ್ಣೆ.

"ಮುಖಪುಟ ಎಲ್ಲಿ ಆಂಟಿ?" ದನಿ ಏರಿಯೇಬಿಟ್ಟಿತು.

"ಅದನ್ನ ಯಾರಮ್ಮ ಇಟ್ಕೋತಾರೆ? ಬೇಕಾಗಿದ್ದಿದ್ದು ಕಥೆ ತಾನೆ? ನಮ್ಮಮ್ಮ ಶೆಲ್ಫಿಗೆ ಹಾಸಿಬಿಡೋರು."

ಸುಮ್ಮನೆ ಎದ್ದು ಬರಬೇಕೆಂದಿದ್ದೆ, ಅಷ್ಟರಲ್ಲಿ ಪೆಟ್ಟಿಗೆಯ ತಳದಲ್ಲಿ ಒಂದು ದಪ್ಪ ಪುಸ್ತಕ ಕಂಡಿತು. ಅದರ ರಟ್ಟಿಗೆ ಮುಖಪುಟವೊಂದನ್ನು ಅಂಟಿಸಿದ್ದರು. ಹಸಿರು ದಾವಣಿಯ ಹುಡುಗಿ, ಕೈಯಲ್ಲಿ ಹಣತೆ. ನನ್ನ ಕಣ್ಣು ಮೊದಲು ಮೂಗಿಗೇ ಹೋಯಿತು. ಚಿತ್ರಗಾರರೆಲ್ಲ ಎಲ್ಲ ಹುಡುಗಿಯರಿಗೂ ಬರೆಯುತ್ತಿದ್ದ ಅದೇ ಮೂಗು. ಅಳು ಬಂತು. ಆಂಟಿ ಗಾಬರಿಯಾದರು. ಅವರಿಗೆ ಎಲ್ಲ ಹೇಳಿದೆ.

"ಹಂಗಾದ್ರೆ ನಿಮ್ಮಮ್ಮಾನೇ ಇದು?"

"ಹೌದು ಆಂಟಿ," ಅಂದುಬಿಟ್ಟೆ.

ಅವರು ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ಕುಂಕುಮ ಕೊಟ್ಟು, ನನ್ನ ಕೈಗಿಟ್ಟರು. ಅದು ಅಮ್ಮನೇ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲ ಎಂದೂ ಗೊತ್ತಿರಲಿಲ್ಲ. ಹದಿನೈದರ ಅಮ್ಮನನ್ನು ಕಣ್ಣಾರೆ ಕಂಡವರು ಈಗ ಒಬ್ಬರೂ ಉಳಿದಿಲ್ಲ.