ಹತ್ತಿಸದೆ ಉಳಿದ ಕಂದೀಲು

ರೋಗ ಬಂದ ಮೇಲೆ ಔಷಧ ಕೊಡುವವರಿಗೆ ನಮ್ಮಲ್ಲಿ ಹಾರ ತುರಾಯಿಗಳಿಗೆ ಕೊರತೆಯಿಲ್ಲ. ರೋಗ ಬಾರದಂತೆ, ಅನಾಹುತ ಆಗದಂತೆ ಮನೆಮನೆ ತಿರುಗಿ ಚಪ್ಪಲಿ ಸವೆಸಿದವರ ಹೆಸರು ಮಾತ್ರ ಹಾಜರಿ ಪುಸ್ತಕದ ಆಚೆಗೆ ಬರುವುದೇ ಅಪರೂಪ. ವಿಜಾಪುರ ಜಿಲ್ಲೆಯ ಆರೋಗ್ಯ ಸೇವೆಯಲ್ಲಿ ಮೂವತ್ತಾರು ವರ್ಷ ದುಡಿದು, ಈ ೨೦೦೭ರ ಮೇ ತಿಂಗಳಲ್ಲಿ ನಿವೃತ್ತರಾದ ಹಿರಿಯ ಆರೋಗ್ಯ ಸಹಾಯಕಿ ಶ್ರೀಮತಿ ಇಂದೂಬಾಯಿ ವಿಠ್ಠಲ ಗಲಗಲಿಯವರು ಈ ಎರಡನೆಯ ಪಂಕ್ತಿಗೆ ಸೇರಿದವರು. ಅವರ ಸಾಧನೆಗಳನ್ನು ಕುರಿತು ಬರೆಯಿರೆಂದು ಈ ಅಭಿನಂದನ ಗ್ರಂಥದ ಸಂಪಾದಕರು ಕೇಳಿದ್ದಾರೆ. ನಾನು ಕಣ್ಣಾರೆ ಕಂಡ ಅವರ ಬಹುದೊಡ್ಡ ಸಾಧನೆಯೆಂದರೆ ಒಂದು ದಿನ ಏನೂ ಆಗದೆ ಹೋದದ್ದು. ಅಂದು ಆಗಿದ್ದರೆ ಈ ಲೇಖನ ಬರೆಯಲು ನಾನೇ ಉಳಿಯುತ್ತಿರಲಿಲ್ಲ.

ಮುದ್ದೇಬಿಹಾಳ ತಾಲೂಕಿನಲ್ಲಿ ೧೯೭೧ರಲ್ಲಿ ಸೇವೆ ಆರಂಭಿಸಿದ ಬಾಯಿಯವರು ಬಸವನ ಬಾಗೇವಾಡಿ ಸೀಮೆಯಲ್ಲಿ ನಾರುಹುಣ್ಣಿನ ಹಾವಳಿಯಿದ್ದ ಕಾಲದಲ್ಲಿ ಮೆಟ್ಟಿಲು ಬಾವಿಗಳ ಮೇಲೆ ನಿಂತು, ನೀರು ಸೋಸಿ ಕುಡಿಯಿರೆಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡರು. ಸಿಂದಗಿಗೆ ವರ್ಗವಾದ ಮೇಲೆ ಆಲಮೇಲದ ಬಸ್ಸಿನಲ್ಲಿ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದ ಅವರನ್ನು, ಕೂಸು ಇದ್ದವರಿಗೆ ಸೀಟು ಬಿಡಬೇಕೆಂದು ಕಂಡಕ್ಟರರೇ ಚೇಷ್ಟೆ ಮಾಡಿ ಕೂಡಿಸುತ್ತಿದ್ದರಂತೆ. ಅವರು ಇಂಡಿಗೆ ಬಂದದ್ದು ೧೯೯೩ರಲ್ಲಿ. ಅದೇ ವರ್ಷ ನಾನೂ ಆರೋಗ್ಯ ನಿರೀಕ್ಷಕನಾಗಿ ಅಲ್ಲಿಗೆ ಬಂದೆ. ಬಾಡಿಗೆ ಕೋಣೆ ಸಿಗುವ ತನಕ ಹದಿನೇಳು ದಿನ ಅವರ ಪಡಸಾಲೆಯಲ್ಲಿ ಮಲಗಿದೆ. ಅವರ ಯಜಮಾನರಾದ ವಿಠ್ಠಲರಾಯರು ಒತ್ತಾಯ ಮಾಡಿ ಬಡಿಸಿದ ಭಕ್ರಿ ಮತ್ತು ನಿಂಬೆಕಾಯಿ ಉಪ್ಪಿನಕಾಯಿಯ ಋಣ ನನ್ನ ಮೈಯಲ್ಲಿ ಇನ್ನೂ ಇದೆ.

ಬಾಯಿಯವರಿಗೆ ಒಂದು ಪದ್ಧತಿಯಿತ್ತು. ಯಾವ ಮನೆಗೆ ಹೋದರೂ ಮೊದಲು ಕೂಡುವುದು, ಒಂದು ಲೋಟ ನೀರು ಕುಡಿಯುವುದು, ಹತ್ತು ನಿಮಿಷ ಸುಮ್ಮನಿರುವುದು, ಆಮೇಲೆ ಆರೋಗ್ಯದ ಮಾತು. ಒಂದೇ ದಿನ ಮೂವತ್ತು ಮನೆ ಮುಗಿಸಿ ವರದಿ ಒಪ್ಪಿಸುವ ಉಮೇದಿನಲ್ಲಿದ್ದ ನನಗೆ ಇದು ಶುದ್ಧ ವೇಳೆಗೇಡಿತನವಾಗಿ ಕಾಣುತ್ತಿತ್ತು. ನಾನು ಹೊಸ್ತಿಲಾಚೆಯೇ ನಿಂತು, ರಜಿಸ್ಟರು ತೆರೆದು, ಜ್ವರ ಉಂಟೋ ಇಲ್ಲವೋ ಎಂದು ಕೇಳಿ ಮುಂದಿನ ಬಾಗಿಲಿಗೆ ಹೋಗುವವನು. ಇದನ್ನು ಅವರು ಒಮ್ಮೆಯೂ ಆಕ್ಷೇಪಿಸಲಿಲ್ಲ. ಅದು ನನಗೆ ಈಗ ಹೆಚ್ಚು ಚುಚ್ಚುತ್ತದೆ.

೧೯೯೬ರ ಏಪ್ರಿಲ್. ಝಳಕಿಯ ಕಡೆಯ ಹೆದ್ದಾರಿ ಬದಿಯ ಒಂದು ಹಳ್ಳಿ. ಅಲ್ಲಿಯ ಹೆಣ್ಣುಮಕ್ಕಳಿಗೆ ಬೀಗತನ ತಪ್ಪಬಾರದು, ಊರಿನ ಹೆಸರು ಬರೆಯಬೇಡ ಎಂದು ಬಾಯಿಯವರು ಅಪ್ಪಣೆ ಮಾಡಿದ್ದಾರೆ, ಪಾಲಿಸಿದ್ದೇನೆ. ಆ ಊರಿನ ಒಂದು ಸಾಲಿನ ಹನ್ನೊಂದು ಮನೆಗಳಲ್ಲಿ ಹೆಂಗಸರಿಗೆ ತಿಂಗಳಿಂದ ತಲೆನೋವು, ಓಕರಿಕೆ. ಹೊಲಕ್ಕೆ ಹೋಗುವ ಗಂಡಸರಿಗೆ ಏನೂ ಇಲ್ಲ. ಎರಡು ಸಲ ನಾನೇ ಹೋಗಿ, ಹೊಸ್ತಿಲಾಚೆ ನಿಂತು, ಬಿಸಿಲಿನ ತ್ರಾಸು ಎಂದು ಬರೆದುಕೊಂಡು, ಗುಳಿಗೆ ಹಂಚಿ ಬಂದಿದ್ದೆ.

ಮೂರನೆಯ ಸಲ ಬಾಯಿಯವರೊಂದಿಗೆ ಹೋದದ್ದು ರುಕ್ಮವ್ವನ ಮನೆಗೆ. ಅವಳ ಮಗಳು ದಾನೇಶ್ವರಿ ಹೆರಿಗೆಗೆಂದು ತವರಿಗೆ ಬಂದು, ಒಂಬತ್ತು ದಿನದ ಹೆಣ್ಣುಕೂಸಿನೊಂದಿಗೆ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಕಿಟಕಿ ಮುಚ್ಚಿತ್ತು, ಹೊರಸಿನ ಬದಿಗೆ ಕೆಂಡದ ಅಗ್ಗಿಷ್ಟಿಗೆಯಿತ್ತು. ತೊಟ್ಟಿಲ ಕಾರ್ಯಕ್ಕೆ ಜೋಳ ಬೇಕೆಂದು ಪಡಸಾಲೆಯ ನೆಲದಡಿಯ ಹಗೇವು ತೆಗೆಯಲು ಊರಿನ ಆಳು ಅಮಸಿದ್ದನನ್ನು ಕರೆಸಿದ್ದರು. ನೆಲದೊಳಗಿನ ಈ ಕಾಳಿನ ಕಣಜದಲ್ಲಿ ಕೆಟ್ಟ ಗಾಳಿ ಕಟ್ಟಿಕೊಳ್ಳುತ್ತದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದ್ದರಿಂದ ಮೊದಲು ಹತ್ತಿಸಿದ ಕಂದೀಲನ್ನು ಹಗ್ಗ ಕಟ್ಟಿ ಇಳಿಬಿಡುವುದು, ಅದು ಆರದೆ ಉಳಿದರೆ ಮಾತ್ರ ಮನುಷ್ಯ ಇಳಿಯುವುದು. ತಲೆತಲಾಂತರದಿಂದ ಎಷ್ಟೋ ಜೀವ ಉಳಿಸಿದ ಪದ್ಧತಿ ಅದು.

ಅಮಸಿದ್ದ ಮುಚ್ಚಳದ ಕಲ್ಲನ್ನು ಅರ್ಧ ಸರಿಸಿದ್ದ. ಆರೋಗ್ಯ ನಿರೀಕ್ಷಕನೆಂಬ ಗತ್ತಿನಲ್ಲಿ ನಾನು, "ಹಂಗ ಇಳೀಬ್ಯಾಡಪಾ, ಮದ್ಲ ಕಂದೀಲ ಬಿಡು" ಎಂದು ಬುದ್ಧಿ ಹೇಳಿ, ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು, ಕಡ್ಡಿಯನ್ನು ಪೆಟ್ಟಿಗೆಯ ಬದಿಗೆ ಹಚ್ಚಿದ್ದೆ, ಗೀರುವುದಷ್ಟೇ ಬಾಕಿ. ಅಷ್ಟರಲ್ಲಿ ಬಾಯಿಯವರ ಕೈ ನನ್ನ ಎರಡೂ ಕೈಗಳನ್ನು ಕೂಡಿಸಿ ಹಿಡಿಯಿತು.

"ಅನೀಲ, ಗೀರಬ್ಯಾಡ. ಹಗೇವು ತಗದ್ರ ಮುಗ್ಗಲ ವಾಸನಿ ಬರಬೇಕು. ಇದು ಪೆಟ್ರೋಲ್ ವಾಸನಿ ಅದ."

"ವಾಸನಿ ರಸ್ತಾದ್ದೈತ್ರಿ ಬಾಯಾರ, ಲಾರಿ ಅಡ್ಡಾಡ್ತಾವಲ್ಲ" ಎಂದಳು ರುಕ್ಮವ್ವ. "ನಮ್ಮ ಮೂಗಿಗೆ ರೂಢಿ ಆಗೇತ್ರಿ."

"ರಸ್ತಾದ್ದಾಗಿದ್ರ ಅಂಗಳದಾಗ ಹೆಚ್ಚಿರಬೇಕಿತ್ತವ್ವಾ. ನಾ ಇಲ್ಲೆ ಹತ್ತು ನಿಮಿಷ ಕೂತೇನಿ, ನನಗೂ ತಲಿ ಸಿಡ್ಯಾಕತ್ತದ."

ಮುಂದಿನದೆಲ್ಲ ಐದು ನಿಮಿಷದ ಕೆಲಸ. ಅಮಸಿದ್ದ ಕಲ್ಲನ್ನು ಮೊದಲಿನಂತೆ ಮುಚ್ಚಿ, ಮೇಲೆ ತೋಯಿಸಿದ ಗೋಣಿತಟ್ಟು ಹಾಸಿದ. ಬಾಯಿಯವರೇ ಅಗ್ಗಿಷ್ಟಿಗೆಯನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಒಯ್ದು ಇಟ್ಟರು. ಬಾಣಂತಿಯನ್ನು ಹೊರಡಿಸುವಾಗ ಮಾತ್ರ ರುಕ್ಮವ್ವ ಬಾಗಿಲಿಗೆ ಅಡ್ಡ ನಿಂತಳು. ಹಸಿ ಬಾಣಂತಿ ಹೊಸ್ತಿಲು ದಾಟಬಾರದು, ಗಾಳಿ ಸೋಕೀತು, ಸೂತಕ ಬೇರೆ.

"ಗಾಳಿ ಒಳಗನ ಸೋಕ್ಯಾದವ್ವಾ" ಎಂದರು ಬಾಯಿಯವರು. "ಸೂತಕ ನನಗ ಹತ್ತಲಿ, ಕೂಸು ಇತ್ತ ತಾ."

ಮಡಿಹುಡಿಯ ವೈಷ್ಣವ ಮನೆತನದ ಆ ಹೆಂಗಸು ಸೂತಕದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಓಣಿಯ ಆಚೆ ತುದಿಯ ಕಾಸಿಂಸಾಬನ ಮನೆಗೆ ನಡೆದರು. ಕಾಸಿಂಸಾಬನ ಹೆಂಡತಿ ಸಾಬೀರಾ ಒಂದೂ ಪ್ರಶ್ನೆ ಕೇಳದೆ ಹೊರಸು ಹಾಕಿದಳು. ಕಂಬಳಿ ಹೊದ್ದ ದಾನೇಶ್ವರಿಯನ್ನು ನಡೆಸಿಕೊಂಡು ರುಕ್ಮವ್ವ ಬೈಯುತ್ತಲೇ ಹಿಂದೆ ಬಂದಳು. ನಾನು ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿಕೊಂಡು ಅವರ ಹಿಂದೆ ನಡೆದೆ.

ಅಂದೇ ಹನ್ನೊಂದು ಮನೆಗಳ ಒಲೆ ಆರಿದವು. ತಾಲೂಕಿನಿಂದ, ಜಿಲ್ಲೆಯಿಂದ ಅಧಿಕಾರಿಗಳು ಬಂದು ನೋಡಿದಾಗ, ರಸ್ತೆ ಬದಿಯ ಪೆಟ್ರೋಲ್ ಬಂಕಿನ ನೆಲದಡಿಯ ಹಳೆಯ ಟಾಕಿ ತುಕ್ಕು ಹಿಡಿದು ಸೋರುತ್ತಿದ್ದುದು ಬಯಲಾಯಿತು. ಸೋರಿದ ಪೆಟ್ರೋಲಿನ ಉಗಿ ಮಣ್ಣಿನೊಳಗೇ ಸರಿದು, ಹಗೇವುಗಳಲ್ಲಿ ತುಂಬಿ, ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ಸಂದಿನಿಂದ ಮನೆಯೊಳಗೆ ಏಳುತ್ತಿತ್ತು. ಟಾಕಿ ಖಾಲಿ ಮಾಡಿಸಿ ಕೀಳಿಸಿದರು. ನೆನೆದ ಮಣ್ಣನ್ನು ಅಗೆದು ಸಾಗಿಸಿದರು. ಪ್ರತಿ ಹಗೇವಿನಿಂದ ಮಾಳಿಗೆಯ ಮೇಲಕ್ಕೆ ಕೊಳವೆ ಏರಿಸಿ ಉಗಿಗೆ ಹೊರದಾರಿ ಮಾಡಿದರು. ಸಂದುಗಳಿಗೆ ಸಿಮೆಂಟು ಮೆತ್ತಿದರು. ಹಗೇವಿನ ಜೋಳವೆಲ್ಲ ತಿಪ್ಪೆ ಪಾಲಾಯಿತು. ಎರಡು ತಿಂಗಳು ಆ ಹೆಂಗಸರು ಊರ ಹೊರಗಿನ ಬೇವಿನ ಮರದ ಕೆಳಗೆ ರೊಟ್ಟಿ ಬಡಿದರು. ತೊಟ್ಟಿಲ ಕಾರ್ಯವೂ ಸಾಬೀರಾಳ ಅಂಗಳದಲ್ಲಿಯೇ ಆಯಿತು. ಕೂಸಿಗೆ ರಾಜೇಶ್ವರಿ ಎಂದು ಹೆಸರಿಟ್ಟರು.

ಅಧಿಕಾರಿಗಳು ಯಂತ್ರ ಹಿಡಿದು ಅಳೆದು, ಇನ್ನು ಭಯವಿಲ್ಲ ಎಂದು ಬರೆದುಕೊಟ್ಟ ಮೇಲೂ ಬಾಯಿಯವರು ಒಪ್ಪಲಿಲ್ಲ. ವಾರಕ್ಕೊಮ್ಮೆ ಹೋಗಿ ಹನ್ನೊಂದು ಮನೆಗಳಲ್ಲಿಯೂ ಬಾಗಿಲು ಮುಚ್ಚಿಸಿಕೊಂಡು ಹತ್ತು ಹತ್ತು ನಿಮಿಷ ಕೂತರು. ಒಂದು ವರ್ಷ ಕೂತರು. ನಾನೂ ಪಕ್ಕದಲ್ಲಿ ಕೂಡುವುದನ್ನು ಕಲಿತೆ. ಹಾಗೆ ಕೂತಾಗಲೇ ಒಬ್ಬಳ ಕಿವುಡು, ಇನ್ನೊಬ್ಬಳ ಗಂಡನ ಕುಡಿತ, ಮತ್ತೊಬ್ಬಳು ಬಚ್ಚಿಟ್ಟ ಕ್ಷಯ ನಮಗೆ ತಿಳಿದದ್ದು. ರಜಿಸ್ಟರಿಗೆ ಆರು ವರ್ಷವಾದರೂ ತಿಳಿಯುತ್ತಿರಲಿಲ್ಲ.

ಕಳೆದ ತಿಂಗಳು ಈ ಗ್ರಂಥದ ಸಮಾರಂಭಕ್ಕೆ ಕರೆಯಲು ಬಾಯಿಯವರನ್ನೂ ಕರೆದುಕೊಂಡು ರುಕ್ಮವ್ವನ ಮನೆಗೆ ಹೋಗಿದ್ದೆ. ಹನ್ನೊಂದು ವರ್ಷದ ರಾಜೇಶ್ವರಿ ರಜೆಗೆ ಅಜ್ಜಿಯ ಮನೆಗೆ ಬಂದಿದ್ದಳು. ಚಹಾ ಮಾಡುತ್ತೇನೆಂದು ಅವಳು ಪಡಸಾಲೆಯ ಮೂಲೆಯ ಸ್ಟೋವಿನ ಮುಂದೆ ಕೂತು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಾಗ ನಾನು ತಡೆಯಲು ಕೈ ಚಾಚಿದೆ. ಎದ್ದು ನಿಲ್ಲಲು ಹೋದೆ. ಬಾಯಿಯವರು ಅಂದಿನಂತೆಯೇ ನನ್ನ ಕೈ ಹಿಡಿದರು.

"ಕೂಡು, ಅನೀಲ. ನಾವು ಬಂದು ಹತ್ತು ನಿಮಿಷ ಆತು. ನನ್ನ ತಲಿ ಹಗುರ ಅದ."

ಹುಡುಗಿ ಕಡ್ಡಿ ಗೀರಿದಳು. ಸ್ಟೋವು ಹತ್ತಿತು. ಚಹಾ ಬಂತು, ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.

ಪೂಜ್ಯ ಇಂದೂಬಾಯಿಯವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಹಾಜರಿ ಪುಸ್ತಕದಿಂದ ಅವರ ಹೆಸರನ್ನು ತೆಗೆದಿದ್ದಾರಷ್ಟೆ. ನಾಲ್ಕು ತಾಲೂಕಿನ ಮನೆಗಳಲ್ಲಿ ಅವರಿಗೆಂದು ಇಟ್ಟ ಮಣೆಯನ್ನು ಯಾರೂ ಎತ್ತಿಲ್ಲ. ಬಾಯಾರ, ನೂರು ವರ್ಷ ಹೀಗೆಯೇ ಬಂದು ಕೂಡ್ರಿ. ನೀವು ಕೂತ ಮನೆಯಲ್ಲಿ ಒಲೆ ಹಚ್ಚಲು ನಮಗೆ ಹೆದರಿಕೆಯಿಲ್ಲ.