ದೊಡ್ಡಪ್ಪ ಸುಟ್ಟ ಕಾದಂಬರಿ

ನನ್ನ ದೊಡ್ಡಪ್ಪ, ಅಂದರೆ ಅಮ್ಮನ ಅಕ್ಕನ ಗಂಡ, ಜೀವಮಾನವೆಲ್ಲ ಪುಸ್ತಕಗಳ ನಡುವೆ ಕಳೆದರು. ಹೀಗೆಂದ ಕೂಡಲೇ ಯಾರಿಗಾದರೂ ಅವರ ಮೇಲೆ ಗೌರವ ಹುಟ್ಟಿದ್ದರೆ ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ಅವರು ಪುಸ್ತಕ ಪರಿಶೀಲನಾ ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದರು. ಅಚ್ಚಾದ ಯಾವ ಪುಸ್ತಕವೇ ಆಗಲಿ, ಅದರ ಒಂದು ಪ್ರತಿ ಆ ಕಚೇರಿಗೆ ಹೋಗಬೇಕಿತ್ತು. ಜನ ಯಾವುದನ್ನು ಓದಬಹುದು, ಯಾವುದನ್ನು ಓದಿದರೆ ಕೆಟ್ಟುಹೋಗುತ್ತಾರೆ ಎಂದು ಅಲ್ಲಿ ಕೂತವರು ತೀರ್ಮಾನಿಸುತ್ತಿದ್ದರು. ಹಾಗೆ ತೀರ್ಮಾನಿಸುವವರು ಮಾತ್ರ ಎಷ್ಟು ಓದಿದರೂ ಕೆಡುವುದಿಲ್ಲ ಎಂಬುದು ಸರ್ಕಾರದ ನಂಬಿಕೆ. ದೊಡ್ಡಪ್ಪನ ವಿಷಯದಲ್ಲಿ ಆ ನಂಬಿಕೆ ಸುಳ್ಳಾಗಲಿಲ್ಲ, ಏಕೆಂದರೆ ಅವರು ಓದುತ್ತಲೇ ಇರಲಿಲ್ಲ.

ಶಾಲೆಗೆ ರಜೆಯಿದ್ದ ಒಂದು ದಿನ ದೊಡ್ಡಮ್ಮ ನನ್ನ ಕೈಯಲ್ಲಿ ಅವರ ಊಟದ ಡಬ್ಬಿ ಕೊಟ್ಟು ಕಳಿಸಿದ್ದರು. ಕಚೇರಿಯ ಕಿಟಕಿ ಗಾಜಿಗೆಲ್ಲ ಹಸಿರು ಬಣ್ಣ ಬಳಿದಿತ್ತು. ಗೋಡೆಯುದ್ದಕ್ಕೂ ಹುರಿ ಬಿಗಿದ ಪುಸ್ತಕದ ಕಟ್ಟುಗಳು, ಅವುಗಳ ಮೇಲೆ ಹಿಂದಿನ ವರ್ಷದ್ದೋ ಅದರ ಹಿಂದಿನದ್ದೋ ಧೂಳು. ದೊಡ್ಡಪ್ಪ ಮರದ ಅಡಿಕೋಲೊಂದನ್ನು ಪುಟದ ಮೇಲಿಟ್ಟು ಸರ್ರನೆ ಕೆಳಕ್ಕೆ ಜಾರಿಸುತ್ತಿದ್ದರು, ಪುಟ ತಿರುವುತ್ತಿದ್ದರು, ಮತ್ತೆ ಜಾರಿಸುತ್ತಿದ್ದರು.

"ಇಷ್ಟು ಬೇಗ ಓದ್ತೀರಾ ದೊಡ್ಡಪ್ಪ?" ಅಂದೆ.

"ಓದೋಕೆ ಯಾರು ಸಂಬಳ ಕೊಡ್ತಾರೆ? ಹುಡುಕೋಕೆ ಕೊಡ್ತಾರೆ," ಅಂದರು. ಆ ಮಾತನ್ನು ಅವರು ತಮಾಷೆಗೆ ಹೇಳಿರಲಿಲ್ಲ. ತಮಾಷೆ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಮನೆಯಲ್ಲೂ ಅದೇ ದರ್ಬಾರು. ವಾರಪತ್ರಿಕೆ ಬಂದರೆ ಮೊದಲು ಅವರೇ ಬಿಡಿಸಿ ನೋಡಬೇಕು. ಹೆಂಗಸರು ಓದಬಾರದೆಂದು ಅನಿಸಿದ ಪುಟಗಳನ್ನು ಜೋಡಿಸಿ ಗುಂಡುಪಿನ್ನು ಚುಚ್ಚಿ, ಆಮೇಲೆ ಮೇಜಿನ ಮೇಲಿಡುತ್ತಿದ್ದರು. ಅದಕ್ಕಾಗಿಯೇ ಅವರ ಅಂಗಿಯ ಕಾಲರಿನ ಒಳಗೆ ಸದಾ ನಾಲ್ಕೈದು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಅವರು ಕಚೇರಿಗೆ ಹೊರಟು ಗೇಟು ಸದ್ದಾದ ಕೂಡಲೇ ದೊಡ್ಡಮ್ಮ ಕೈ ಒರೆಸಿಕೊಂಡು ಬರುತ್ತಿದ್ದರು. ಪತ್ರಿಕೆಯಲ್ಲಿ ಏನು ಓದಬೇಕೆಂದು ಅವರು ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ, ಪಿನ್ನೇ ತೋರಿಸಿಕೊಡುತ್ತಿತ್ತು. ಓದಿ ಮುಗಿದ ಮೇಲೆ ಮಗಳಿಗೆ, "ಹಳೇ ತೂತಿಗೇ ಚುಚ್ಚು, ಹೊಸದು ಮಾಡ್ಬೇಡ," ಅನ್ನುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ಇದು ನಡೆಯಿತು. ಪುಸ್ತಕದ ಸಾಲುಗಳಲ್ಲಿ ಇಲ್ಲದ ಕೆಟ್ಟದ್ದನ್ನೂ ಕಂಡುಹಿಡಿಯುತ್ತಿದ್ದ ಮನುಷ್ಯನಿಗೆ ಸ್ವಂತ ಮನೆಯ ಮೇಜು ಕಾಣಲಿಲ್ಲ.

ಆ ಮಗಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಬಸ್ ಡಿಪೋದಲ್ಲಿ ಗುಮಾಸ್ತೆಯಾಗಿದ್ದಳು. ಅಲ್ಲಿ ದಿನವೂ ನೋಡಿದ್ದನ್ನು, ಕೇಳಿದ್ದನ್ನು ಇಟ್ಟುಕೊಂಡು ಒಂದು ಕಾದಂಬರಿ ಬರೆದಳು. ಕಂಡಕ್ಟರ್ ಕೆಲಸದ ಒಬ್ಬ ಹೆಂಗಸಿನ ಕಥೆ ಅದು. ಗಂಡ ಬಿಟ್ಟುಹೋದವಳು, ಬಾಯಿ ಜೋರು, ಹಾಡುವ ಹುಚ್ಚು. ಅಕ್ಕ ಬರೆದದ್ದನ್ನು ಅಡುಗೆಮನೆಯಲ್ಲಿ ದೊಡ್ಡಮ್ಮನಿಗೆ ಓದಿ ಹೇಳುತ್ತಿದ್ದಳು. ದೊಡ್ಡಮ್ಮ ತರಕಾರಿ ಹೆಚ್ಚುತ್ತಾ, "ಅವಳು ಅಷ್ಟು ಬೇಗ ಅಳೋದು ಬೇಡ," ಅಂತಲೋ, "ಆ ಡ್ರೈವರಿಗೆ ಇನ್ನೆರಡು ಬೈಗುಳ ಹಾಕು," ಅಂತಲೋ ಹೇಳುತ್ತಿದ್ದರು. ಹೊರಗೆ ಕೂತ ದೊಡ್ಡಪ್ಪ ತಾಯಿ ಮಗಳು ಏನೋ ಸೀರೆ ಒಡವೆ ಮಾತಾಡುತ್ತಿದ್ದಾರೆ ಅಂದುಕೊಂಡಿದ್ದರು. ಹೆಂಗಸರಿಗೆ ಬೇರೆ ಮಾತು ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಆ ಕಾದಂಬರಿಯಲ್ಲಿ ಕಂಡಕ್ಟರಮ್ಮನ ಪಕ್ಕದ ಮನೆಯವನೊಬ್ಬ ಬರುತ್ತಾನೆ. ಕಾಲರಿನಲ್ಲಿ ಪಿನ್ನು ಇಟ್ಟುಕೊಂಡು, ಹೆಂಡತಿ ಓದುವ ಪತ್ರಿಕೆಗೆ ಚುಚ್ಚುವವನು. ಬೀದಿಯವರು ಅವನನ್ನು 'ಗುಂಡುಪಿನ್ನು' ಅಂತಲೇ ಕರೆಯುತ್ತಾರೆ. ನಡುವೆ ಕೆಲವು ಪುಟ ಅವನ ಕಥೆ. ಒಮ್ಮೆ ಕೂರುವಾಗ, ಕಾಲರಿನಿಂದ ಕುರ್ಚಿಗೆ ಜಾರಿದ್ದ ಅವನ ಪಿನ್ನು ಅವನಿಗೇ ಎಲ್ಲಿ ಚುಚ್ಚಬಾರದೋ ಅಲ್ಲಿ ಚುಚ್ಚುತ್ತದೆ, ಬೀದಿ ನಗುತ್ತದೆ. ಅಲ್ಲಿಗೆ ಅವನ ಪಾಲು ಮುಗಿಯಿತು.

ನಮ್ಮ ಬೀದಿಯ ಕೊನೆಯಲ್ಲಿದ್ದ ಮುದ್ರಣಾಲಯದವರು ಅದನ್ನು ಅಚ್ಚು ಹಾಕಿದರು. ಅಕ್ಕ ಬೇರೆ ಹೆಸರಿಟ್ಟುಕೊಳ್ಳಲಿಲ್ಲ. "ಅಪ್ಪನಿಗೆ ಹೇಳೋಲ್ವಾ?" ಅಂತ ನಾನು ಕೇಳಿದ್ದಕ್ಕೆ, "ಅವರ ಕಚೇರಿಗೇ ಹೋಗುತ್ತಲ್ಲ. ಓದಲಿ. ಪೂರ್ತಿ ಓದಿದ್ರೆ ಮೆಚ್ಚಿದ್ರೂ ಮೆಚ್ಚಬಹುದು," ಅಂದಳು. ಪಾಪ, ಅವಳಿಗೆ ಅಪ್ಪನ ಮೇಲೆ ಅಷ್ಟು ಭರವಸೆ ಇತ್ತು.

ಕಚೇರಿಯಲ್ಲಿ ಅದು ಮೊದಲು ಬಿದ್ದದ್ದು ಟೈಪಿಸ್ಟ್ ಕೈಗೆ. ಆಕೆ ಊಟದ ಹೊತ್ತಿನಲ್ಲಿ ಪುಟ ಬಿಡಿಸಿ ನಗಲು ಶುರುಮಾಡಿದಳು. ಪಕ್ಕದ ಗುಮಾಸ್ತ ಇಣುಕಿದ, ಜವಾನ ಬಂದು ನಿಂತ. ದೊಡ್ಡಪ್ಪ ಒಳಗೆ ಕಾಲಿಟ್ಟಾಗ ಎಲ್ಲರ ಕಣ್ಣೂ ಒಟ್ಟಿಗೆ ಅವರ ಕಾಲರಿನ ಕಡೆ ಹೋಯಿತಂತೆ. ಪುಸ್ತಕ ಕಿತ್ತುಕೊಂಡು ತಮ್ಮ ಮೇಜಿಗೆ ಹೋದರು. ಆವತ್ತು ಅಡಿಕೋಲು ಮುಟ್ಟಲಿಲ್ಲ. ಬದುಕಿನಲ್ಲಿ ಮೊದಲ ಸಲ ಒಂದು ಪುಸ್ತಕದ ಕೆಲವು ಪುಟಗಳನ್ನು ಸಾಲು ಸಾಲಾಗಿ ಓದಿದರು. ಗುಂಡುಪಿನ್ನು ಕೂತು, ಚುಚ್ಚಿಸಿಕೊಂಡು ಎದ್ದಲ್ಲಿಗೆ ಮುಚ್ಚಿಟ್ಟರು.

ಅವರ ವರದಿಯಲ್ಲಿ ಪಿನ್ನಿನ ಸುದ್ದಿಯೇ ಇರಲಿಲ್ಲ. 'ಕುಟುಂಬ ವ್ಯವಸ್ಥೆಗೆ ಧಕ್ಕೆ', 'ಹಿರಿಯರ ಘನತೆಗೆ ಕುಂದು', 'ಸಮಾಜದ ಸ್ವಾಸ್ಥ್ಯ' ಎಂಬ ಮಾತುಗಳಿದ್ದವು. ಸಮಾಜ ಅನ್ನುವ ದೊಡ್ಡ ಪದವನ್ನು ಎತ್ತಿ ನೋಡಿದರೆ ಕೆಳಗೆ ಒಬ್ಬ ಮನುಷ್ಯನ ಕುಂಡೆ ನೋವು ಇತ್ತು, ಅಷ್ಟೇ. ಬರೆದವಳು ತನ್ನ ಮಗಳು ಅಂತಲೂ ಅವರು ತಿಳಿಸಲಿಲ್ಲ. ಮೇಲಧಿಕಾರಿ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಸಹಿ ಎಳೆದರಂತೆ. ಒಬ್ಬ ಕೆಲವು ಪುಟ ಓದಿದ, ಇನ್ನೊಬ್ಬ ಅದನ್ನೂ ಓದಲಿಲ್ಲ, ಪುಸ್ತಕ ನಿಷೇಧವಾಯಿತು. ಪೊಲೀಸರು ಮುದ್ರಣಾಲಯದಿಂದ ಕಟ್ಟುಗಳ ಜೊತೆಗೆ ಅಕ್ಕನ ಕೈಬರಹದ ಪ್ರತಿಯನ್ನೂ ಎತ್ತಿಕೊಂಡು ಹೋದರು. ಅವಳ ಹತ್ತಿರ ಬೇರೆ ಪ್ರತಿ ಇರಲಿಲ್ಲ.

ಕಚೇರಿಯ ಹಿತ್ತಲಲ್ಲಿ ಸುಟ್ಟರು. ಪುಸ್ತಕ ಸುಡುವುದು ಸುಲಭವೆಂದು ಸುಡದವರು ಅಂದುಕೊಳ್ಳುತ್ತಾರೆ. ಬಿಗಿದ ಪುಸ್ತಕಕ್ಕೆ ಬೆಂಕಿ ಹತ್ತುವುದಿಲ್ಲ, ಅಂಚು ಕಪ್ಪಾಗಿ ಒಳಗೆ ಬೆಳ್ಳಗೇ ಇರುತ್ತದೆ. ಒಂದೊಂದನ್ನೂ ಬಿಡಿಸಿ, ಕಬ್ಬಿಣದ ಸರಳಿನಿಂದ ಕೆದಕಿ, ಮತ್ತೆ ಮತ್ತೆ ಸೀಮೆಎಣ್ಣೆ ಸುರಿಯಬೇಕು. ದೊಡ್ಡಪ್ಪ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಣ್ಣಿಗೆ ಹೊಗೆ ಹೊಡೆದಾಗ ಎದ್ದು ಒಳಗೆ ಹೋಗುತ್ತಿದ್ದರು. ಅವರು ಒಳಗೆ ಹೋದಾಗಲೆಲ್ಲ ಜವಾನರೂ ಕಾವಲುಗಾರನೂ ಬೆಂಕಿಗೆ ಹಾಕುವ ಮೊದಲು ಗುಂಡುಪಿನ್ನಿನ ಪುಟಗಳನ್ನು ಪರ್ರನೆ ಹರಿದು ಅಂಗಿಯೊಳಗೆ ಸೇರಿಸಿದರು. ಅವರಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಕಂಡಕ್ಟರಮ್ಮ, ಅವಳ ಹಾಡು, ಅವಳ ಬಸ್ಸು ಎಲ್ಲ ಬೂದಿಯಾಯಿತು.

ಹದಿನೈದು ದಿನದೊಳಗೆ ಆ ಪುಟಗಳ ಜೆರಾಕ್ಸ್ ಎಲ್ಲ ಸರ್ಕಾರಿ ಕಚೇರಿಗಳಲ್ಲೂ ಓಡಾಡುತ್ತಿತ್ತು. ದೊಡ್ಡಪ್ಪ ಮೆಟ್ಟಿಲು ಹತ್ತುವಾಗ ಮೇಲಿನಿಂದ ಯಾರೋ "ಬಂತಪ್ಪಾ ಪಿನ್ನು!" ಅನ್ನುತ್ತಿದ್ದರು. ತಿರುಗಿ ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿರುತ್ತಿದ್ದರು. ತನ್ನ ಬಗ್ಗೆ ಯಾರೂ ಓದಬಾರದು ಅಂತ ಇಡೀ ಪುಸ್ತಕ ಸುಟ್ಟ ಮನುಷ್ಯ, ಅದರಲ್ಲಿ ತನ್ನನ್ನು ಮಾತ್ರ ಉಳಿಸಿ ಕೂತಿದ್ದ.

ಸುಟ್ಟ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ದೊಡ್ಡಪ್ಪ ಕೈಕಾಲು ತೊಳೆದು ಊಟಕ್ಕೆ ಕೂತರು. ಮೈಯಿಂದ ಇನ್ನೂ ಸೀಮೆಎಣ್ಣೆ ವಾಸನೆ ಬರುತ್ತಿತ್ತು. ಅಕ್ಕ ಎದುರಿಗೆ ಬಂದು ನಿಂತಳು.

"ಪೂರ್ತಿ ಓದಿದ್ರಾ ಅಪ್ಪ?"

"ಕೊಳಕು ಅಂತ ತಿಳಿಯೋಕೆ ಪೂರ್ತಿ ಮುಳುಗ್ಬೇಕಾ?"

"ಎಲ್ಲಿವರೆಗೆ ಓದಿದ್ರಿ?"

"ಎಲ್ಲಿವರೆಗೆ ಬೇಕೋ ಅಲ್ಲಿವರೆಗೆ. ಹೆತ್ತ ಅಪ್ಪನ ಮಾನ ಬೀದಿಗೆ ಹಾಕಿ, ಈಗ ಲೆಕ್ಕ ಕೇಳ್ತೀಯಾ?"

"ನಿಮ್ಮ ಮಾನ ಅಷ್ಟೇ ಪುಟ ಇದ್ದಿದ್ದು. ಉಳಿದಿದ್ದು ಅವಳ ಕಥೆ. ಅವಳೇನು ಮಾಡಿದ್ಲು ನಿಮಗೆ?"

ದೊಡ್ಡಪ್ಪನಿಗೆ 'ಅವಳು' ಯಾರೆಂದೇ ಗೊತ್ತಾಗಲಿಲ್ಲ. "ಯಾರವಳು?" ಅಂದರು. ಅಕ್ಕ ಅವರನ್ನು ಒಂದು ಗಳಿಗೆ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವರ ಪುಣ್ಯ ಅನ್ನಬಹುದಿತ್ತು. ತಿಂಗಳು ತುಂಬುವ ಮೊದಲೇ ಬೇರೆ ಊರಿನ ಡಿಪೋಗೆ ವರ್ಗ ಮಾಡಿಸಿಕೊಂಡು ಹೊರಟುಹೋದಳು.

ಅವಳು ಮತ್ತೆ ಬರೆಯಲಿಲ್ಲ. ಬೆಂಕಿಯಿಂದ ಇನ್ನಷ್ಟು ಹುರುಪಾಗಿ ಎದ್ದು ಬಂದಳು ಅಂತ ಹೇಳಲು ನನಗೂ ಆಸೆ, ಆದರೆ ಹಾಗಾಗಲಿಲ್ಲ. ನಾನು ಒಮ್ಮೆ ಕೇಳಿದಾಗ, "ಕೂತ್ರೆ ಅದೇ ವಾಕ್ಯಗಳು ಬರ್ತಾವೆ, ಅರ್ಧಕ್ಕೆ ನಿಲ್ತಾವೆ," ಅಂದಳು. ದೊಡ್ಡಪ್ಪನಂಥವರು ಸಣ್ಣವರು, ನಗೆಪಾಟಲಿನವರು, ಎಲ್ಲ ನಿಜ. ಆದರೆ ಅವರ ಕೆಲಸ ಕೈಗೂಡುತ್ತದೆ. ಅವರ ಮೇಲೆ ನನಗಿರುವ ತಾತ್ಸಾರಕ್ಕೆ ಇದೇ ಕಾರಣ. ಬರೀ ಮೂರ್ಖರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ನಿವೃತ್ತಿಯಾದ ಮೇಲೆ ದೊಡ್ಡಪ್ಪನಿಗೆ ಹೊತ್ತು ಹೋಗದಾಯಿತು. ಆಗ ಹತ್ತಿತು ಹೊಸ ಗೀಳು. ತಾನು ಮುಚ್ಚಿಟ್ಟ ಪುಟದ ಆಚೆಗೆ ಆ ಪುಸ್ತಕದಲ್ಲಿ ಏನಿತ್ತು? ಮಗಳು ಮುಂದೆ ತನ್ನ ಬಗ್ಗೆ ಇನ್ನೇನು ಬರೆದಿದ್ದಳು? ಕೊನೆಯಲ್ಲಿ ಅಪ್ಪನನ್ನು ಒಳ್ಳೆಯವನಾಗಿ ಮಾಡಿದ್ದಳೋ ಏನೋ? ಮಗಳನ್ನು ಕೇಳಲು ಮುಖವಿಲ್ಲ. ದೊಡ್ಡಮ್ಮ ಪೂರ್ತಿ ಕೇಳಿದ್ದರೆಂಬುದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು.

"ಕೊನೇಲಿ ಏನಾಗುತ್ತೆ, ಹೇಳೇ," ಅಂತ ದೊಡ್ಡಮ್ಮನ ಹಿಂದೆ ಹಿಂದೆ ಸುತ್ತುತ್ತಾರೆ.

"ಯಾವುದರ ಕೊನೇಲಿ?"

"ಅದೇ... ನಿನ್ನ ಮಗಳು ಬರೆದದ್ದು."

"ನಿಷೇಧ ಆಗಿರೋ ಪುಸ್ತಕ. ಮನೆಯಲ್ಲಿ ಅದರ ಮಾತೆತ್ತಬಹುದಾ? ನೀವೇ ಹೇಳಿ," ಅನ್ನುತ್ತಾ ದೊಡ್ಡಮ್ಮ ಬಟ್ಟೆ ಮಡಿಸುತ್ತಾರೆ.

ಒಂದು ಮಧ್ಯಾಹ್ನ ದೊಡ್ಡಪ್ಪ ನಿದ್ದೆ ಹೋದ ಸಮಯ ನೋಡಿ ನಾನೇ ಕೇಳಿದೆ. "ನಿಜವಾಗ್ಲೂ ಏನಿತ್ತು ದೊಡ್ಡಮ್ಮ, ಕೊನೇಲಿ?"

"ಕಂಡಕ್ಟರಮ್ಮನ ಕೊನೇ ದಿನದ ಕೆಲಸ. ಬಸ್ಸಿನ ಕಿಟಕಿ ಎಲ್ಲ ಒಂದೊಂದಾಗಿ ಮುಚ್ತಾಳೆ, ಇಳೀತಾಳೆ, ಹಾಡ್ಕೊಂಡು ಮನೆಗೆ ಹೋಗ್ತಾಳೆ."

"ಮತ್ತೆ ದೊಡ್ಡಪ್ಪ?"

"ಅವರೆಲ್ಲಿ ಬರ್ತಾರೆ? ಆ ಪಿನ್ನು ಚುಚ್ಚಿಸಿಕೊಂಡ ಮೇಲೆ ಅವರ ಸುದ್ದೀನೇ ಇಲ್ಲ. ಬೀದಿಯವರು ಮರೆತೂಬಿಡ್ತಾರೆ."

"ಅದನ್ನೇ ಹೇಳ್ಬಹುದಲ್ಲ ಅವರಿಗೆ?"

ದೊಡ್ಡಮ್ಮ ಒಳಕೋಣೆಯ ಕಡೆ ಒಮ್ಮೆ ನೋಡಿದರು. "ಹೇಳಿದ್ರೆ ನಂಬ್ತಾರಾ? ಇಡೀ ಪುಸ್ತಕ ತಮ್ಮ ಬಗ್ಗೇನೇ ಅಂದ್ಕೊಂಡು ಸುಟ್ಟವರು ಅವರು," ಅಂದು ಎದ್ದು ಹೋಗಿ ಒಲೆ ಮೇಲೆ ನೀರಿಟ್ಟರು. ಒಳಗಿನಿಂದ ದೊಡ್ಡಪ್ಪನ ದನಿ ಕೇಳಿತು. ಯಾರು ಬಂದಿದ್ದಾರೆ, ಏನು ಮಾತಾಡುತ್ತಿದ್ದೀರಿ ಅಂತ ವಿಚಾರಿಸುತ್ತಿದ್ದರು.

"ಏನಿಲ್ಲ, ಸೀರೆ ವಿಷಯ. ನೀವು ಮಲಗಿ," ಅಂದರು ದೊಡ್ಡಮ್ಮ.